ಮನೆ ಕ್ಯಾಂಡಿ, ಕ್ಯಾರಮೆಲ್ ಸೇಬು: ಬೆಂಗಳೂರಿನಲ್ಲಿ ಯಾವ ಸಾಮಾನು ತರಬೇಕು, ಯಾವುದು ಬೇಡ

ಹೊಸ ಸೇಬು ಬೆಂಗಳೂರಿಗೆ ಬರುವುದು ಆಗಸ್ಟಿನಿಂದ ಅಕ್ಟೋಬರ್ ತನಕ. ಮೊದಲು ಹಿಮಾಚಲದ್ದು, ಹಿಂದೆಯೇ ಕಾಶ್ಮೀರದ್ದು. ಕಚ್ಚಿದರೆ ಕರಕ್ ಅನ್ನುವ, ರಸ ತುಂಬಿದ ಹಣ್ಣು ಬೇಕಿದ್ದರೆ ಅದೇ ಸಮಯ. ಆದರೆ ನಮ್ಮೂರಲ್ಲಿ ಮಳೆ ಜಾಸ್ತಿ ಹೊಡೆಯುವುದೂ ಅದೇ ತಿಂಗಳುಗಳಲ್ಲಿ ಅಲ್ವಾ? ಗಾಳಿಯಲ್ಲಿ ತೇವ ಇರುವಾಗ ಗಟ್ಟಿ ಪಾಕ ನಿಲ್ಲುವುದಿಲ್ಲ. ಮಧ್ಯಾಹ್ನ ಟಣ್ ಅನ್ನುವಷ್ಟು ಗಟ್ಟಿಯಾಗಿದ್ದ ಕೆಂಪು ಕ್ಯಾಂಡಿ ಸಂಜೆ ಹೊತ್ತಿಗೆ ಬೆವರಿ, ಅಂಟಂಟಾಗಿ, ತಟ್ಟೆಗೆ ಇಳಿದಿರುತ್ತದೆ. ಅದಕ್ಕೇ ನನ್ನ ಮೊದಲ ಮಾತು ಇದು. ಸಾಮಾನಿನ ಪಟ್ಟಿ ಬರೆಯುವ ಮೊದಲು ಕ್ಯಾಲೆಂಡರ್ ನೋಡಿ. ಮಳೆಗಾಲದಲ್ಲಿ ಬೆಣ್ಣೆ, ಕ್ರೀಮ್ ಹಾಕಿದ ಮೆತ್ತನೆಯ ಕ್ಯಾರಮೆಲ್ ಮಾಡಿ. ಹೊಳೆಯುವ ಗಟ್ಟಿ ಪಾಕದ ಸೇಬು, ಲಾಲಿಪಾಪ್, ಪೆಪ್ಪರ್‌ಮೆಂಟು ಇವನ್ನೆಲ್ಲ ಜನವರಿಯಿಂದ ಮಾರ್ಚ್‌ವರೆಗಿನ ಒಣ ಹವೆಗೆ ಇಟ್ಟುಕೊಳ್ಳಿ. ಆಗ ಸಿಗುವುದು ಕೋಲ್ಡ್ ಸ್ಟೋರೇಜಿನ ಸೇಬು, ನಿಜ. ಆದರೂ ಪಾಕ ನಿಲ್ಲುತ್ತದೆ.

ಆನ್‌ಲೈನಿನಲ್ಲಿ ಸಿಗುವ ರೆಸಿಪಿಗಳೆಲ್ಲ ಹೆಚ್ಚಾಗಿ ಅಮೆರಿಕದವು. ಕಾರ್ನ್ ಸಿರಪ್ ಅಂತಾರೆ, ಹೆವಿ ಕ್ರೀಮ್ ಅಂತಾರೆ, ಕವರ್ ಬಿಚ್ಚಿ ಕರಗಿಸುವ ಕ್ಯಾರಮೆಲ್ ತುಂಡು ಅಂತಾರೆ. ಕ್ಯಾರಮೆಲ್ ಸೇಬು ಅಲ್ಲಿ ಜನಪ್ರಿಯ ಆಗಿದ್ದೇ 1950ರ ದಶಕದಲ್ಲಿ, ಕ್ರಾಫ್ಟ್ ಕಂಪನಿಯ ಅಂಥ ಕ್ಯಾರಮೆಲ್ ತುಂಡುಗಳಿಂದ. ಅದೇ ಹೆಸರಿನ ಸಾಮಾನನ್ನು ಇಲ್ಲಿ ಹುಡುಕಿಕೊಂಡು ಮಾಲ್‌ಗಳ ಇಂಪೋರ್ಟೆಡ್ ಶೆಲ್ಫಿನಲ್ಲಿ ದುಡ್ಡು ಸುರಿಯುವ ಅಗತ್ಯ ಖಂಡಿತ ಇಲ್ಲ. ಒಂದೊಂದು ಸಾಮಾನು ಪಾಕದಲ್ಲಿ ಏನು ಕೆಲಸ ಮಾಡುತ್ತದೆ ಅಂತ ಗೊತ್ತಿದ್ದರೆ ಸಾಕು, ಅದೇ ಕೆಲಸ ಮಾಡುವುದು ಚಿಕ್ಕಪೇಟೆಯಲ್ಲೋ ಪಕ್ಕದ ನಂದಿನಿ ಬೂತಿನಲ್ಲೋ ಸಿಗುತ್ತದೆ.

ಪಾಕದಲ್ಲಿ ನಾವು ಲೆಕ್ಕ ಇಡಬೇಕಾದ್ದು ಎರಡೇ, ನೀರು ಮತ್ತು ಹರಳು. ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುವವರಿಗೆ ಇದು ಕೈಯಲ್ಲೇ ಇರುವ ವಿದ್ಯೆ. ಅಲ್ಲಿ ಹರಳು ಬೇಕು. ಪಾಕವನ್ನು ಬೇಕೆಂದೇ ತಿರುವಿ, ಬೆಳ್ಳಗೆ ಮಂಜು ಕವಿಯುವ ತನಕ ಕಾದು, ನೆನೆಸಿಟ್ಟ ಮರದ ಅಚ್ಚಿಗೆ ಸುರಿಯುತ್ತೇವೆ. ಲಾಲಿಪಾಪು, ಕ್ಯಾರಮೆಲ್ ಇದಕ್ಕೆ ತದ್ವಿರುದ್ಧ. ಒಂದೇ ಒಂದು ಹರಳು ಹುಟ್ಟಿದರೂ ಅದರ ಹಿಂದೆ ಇಡೀ ಪಾತ್ರೆ ಮರಳಾಗುತ್ತದೆ. ಮುಂದೆ ಹೇಳುವ ಆಯ್ಕೆಗಳೆಲ್ಲ ಹೆಚ್ಚುಕಡಿಮೆ ಈ ಎರಡು ವಿಷಯಕ್ಕೇ ಬಂದು ನಿಲ್ಲುತ್ತವೆ.

ಸಕ್ಕರೆಯಿಂದ ಶುರು ಮಾಡೋಣ. ಕಿರಾಣಿ ಅಂಗಡಿಯ ಬಿಡಿ ಸಕ್ಕರೆ ಕ್ಯಾರಮೆಲ್‌ಗೆ ಧಾರಾಳವಾಗಿ ಆಗುತ್ತದೆ. ಕ್ರೀಮ್ ಬಿದ್ದ ಮೇಲೆ ಬಣ್ಣ ಹೇಗೂ ಕಂದು, ಅದರಲ್ಲಿ ಸಕ್ಕರೆಯ ಕೊಳೆ ಕಾಣುವುದಿಲ್ಲ. ಪಾರದರ್ಶಕವಾದ ಲಾಲಿಪಾಪಿಗೆ ಮಾತ್ರ ಪ್ಯಾಕೆಟ್ಟಿನ ಮೇಲೆ ಸಲ್ಫರ್ ಇಲ್ಲದ್ದು, ರಿಫೈನ್ಡ್ ಅಂತ ಬರೆದಿರುವ ಸಕ್ಕರೆಯನ್ನೇ ತನ್ನಿ. ಬಿಡಿ ಸಕ್ಕರೆ ಕುದಿಸಿದರೆ ಮೇಲೆ ಬೂದು ಬಣ್ಣದ ನೊರೆ ಬರುತ್ತದೆ. ಅಜ್ಜಿಯಂದಿರು ಒಂದು ಚಮಚ ಹಾಲು ಹಾಕಿ ಕೊಳೆ ಒಡೆಸಿ ತೆಗೆಯುತ್ತಿದ್ದದ್ದು ಇದಕ್ಕೇ. ಸಣ್ಣ ಹರಳಿನ ಸಕ್ಕರೆ ಸಿಕ್ಕಿದರೆ ಒಳ್ಳೆಯದು, ಬೇಗ ಕರಗುತ್ತದೆ. ಕರಗದೆ ಉಳಿದ ಒಂದು ಕಾಳೇ ಮುಂದೆ ಹರಳು ಹುಟ್ಟಿಸುತ್ತದೆ. ಐಸಿಂಗ್ ಶುಗರ್ ಬೇಡ, ಅದರಲ್ಲಿ ಕಾರ್ನ್ ಫ್ಲೋರ್ ಬೆರೆಸಿರುತ್ತಾರೆ.

ಕಾರ್ನ್ ಸಿರಪ್ಪಿನ ಜಾಗಕ್ಕೆ ನಮಗೆ ಬೇಕಿರುವುದು ಲಿಕ್ವಿಡ್ ಗ್ಲೂಕೋಸ್. ನನ್ನ ಪ್ರಕಾರ ಇಡೀ ಪಟ್ಟಿಯಲ್ಲಿ ಬಿಡಲೇಬಾರದ ಸಾಮಾನು ಇದು. ಕಿರಾಣಿ ಅಂಗಡಿಯಲ್ಲಿ ಹೋಗಿ ಗ್ಲೂಕೋಸ್ ಅಂದರೆ ಬಿಸಿಲಿಗೆ ಕುಡಿಯುವ ಪೌಡರ್ ಡಬ್ಬಿ ಕೊಡುತ್ತಾರೆ, ಅದಲ್ಲ. ಕೇಕ್ ಸಾಮಾನು ಮಾರುವ ಅಂಗಡಿಯಲ್ಲಿ ಕೇಳಿ. "ಅಣ್ಣಾ, ಲಿಕ್ವಿಡ್ ಗ್ಲೂಕೋಸ್ ಇದ್ಯಾ?" ಅಂದರೆ, "ಅರ್ಧ ಕೆಜಿ ಡಬ್ಬ ಸಾಕಾ ಮೇಡಂ, ಫಾಂಡೆಂಟ್‌ಗಾ?" ಅಂತ ತೆಗೆದುಕೊಡುತ್ತಾರೆ. ಡಬ್ಬದ ಮುಚ್ಚಳ ತೆಗೆದು ಚಮಚ ಅದ್ದಿದರೆ ಮೇಲೆ ಎದ್ದು ಬರುವುದೇ ಇಲ್ಲ, ಅಷ್ಟು ಮಂದ. ಎತ್ತಿದರೆ ದಾರದ ಹಾಗೆ ಎಳೆದುಕೊಂಡು ಬಂದು ಡಬ್ಬ, ಕಟ್ಟೆ, ಮೊಣಕೈ ಎಲ್ಲ ಅಂಟು. ಕೈ ಚೆನ್ನಾಗಿ ಒದ್ದೆ ಮಾಡಿಕೊಂಡು ಬೆರಳಲ್ಲೇ ಉಂಡೆಯಾಗಿ ಕಿತ್ತು ತೆಗೆಯಬೇಕು, ಒದ್ದೆ ಬೆರಳಿಗೆ ಅದು ಅಂಟುವುದಿಲ್ಲ. ತೂಕದ ಯಂತ್ರದ ಮೇಲೆ ಪಾತ್ರೆ ಇಟ್ಟು, ನೇರ ಅದಕ್ಕೇ ಹಾಕಿಬಿಡಿ. ಈ ಗ್ಲೂಕೋಸಿನ ದೊಡ್ಡ ಅಣುಗಳು ಸಕ್ಕರೆಯ ಅಣುಗಳ ಮಧ್ಯೆ ಸೇರಿಕೊಂಡು ಅವು ಒಂದಕ್ಕೊಂದು ಕೂಡಿ ಹರಳಾಗದ ಹಾಗೆ ತಡೆಯುತ್ತವೆ. ಸಿಹಿಯೂ ಸಕ್ಕರೆಗಿಂತ ಕಡಿಮೆ.

ಗ್ಲೂಕೋಸ್ ಸಿಗದಿದ್ದರೆ ನಿಂಬೆರಸ ಆಗಲ್ವಾ ಅಂತ ಕೇಳುತ್ತಾರೆ. ಆಗುತ್ತದೆ. ಹುಳಿ ಬಿದ್ದ ಸಕ್ಕರೆ ಕುದಿಯುವಾಗ ಗ್ಲೂಕೋಸ್, ಫ್ರಕ್ಟೋಸ್ ಅಂತ ಒಡೆದುಕೊಳ್ಳುತ್ತದೆ, ಅವೂ ಹರಳು ತಡೆಯುತ್ತವೆ. ಕೋಲಿಗೆ ಸುತ್ತಿಕೊಂಡು ಬಂದು ಮಕ್ಕಳ ಕೈಗೆ ವಾಚು ಮಾಡಿ ಕಟ್ಟುತ್ತಿದ್ದ ಬಾಂಬೆ ಮಿಠಾಯಿ ಅಷ್ಟು ಚೆನ್ನಾಗಿ ಎಳೆಯಲು ಬರಬೇಕಾದರೂ ಪಾಕ ಹರಳು ಕಟ್ಟಬಾರದು. ಆದರೆ ನಿಂಬೆರಸದ್ದು ಒಂದು ತೊಂದರೆ ಇದೆ. ಎಷ್ಟು ಒಡೆಯುತ್ತದೆ ಅನ್ನುವುದು ಹುಳಿ ಎಷ್ಟು, ಎಷ್ಟು ಹೊತ್ತು ಕುದಿಸಿದಿರಿ ಅನ್ನುವುದರ ಮೇಲೆ ಹೋಗುತ್ತದೆ, ಜಾಸ್ತಿ ಒಡೆದರೆ ಫ್ರಕ್ಟೋಸ್ ಜಾಸ್ತಿ ಆಗುತ್ತದೆ, ಮತ್ತು ಫ್ರಕ್ಟೋಸಿನಷ್ಟು ಗಾಳಿಯ ತೇವ ಎಳೆಯುವ ಸಕ್ಕರೆ ಇನ್ನೊಂದಿಲ್ಲ. ಜೇನುತುಪ್ಪವೂ ಇದೇ ಗುಂಪು. ಮಳೆಗಾಲದಲ್ಲಿ ಗಟ್ಟಿ ಕ್ಯಾಂಡಿಗೆ ನಿಂಬೆ, ಜೇನು ಎರಡೂ ಬೇಡವೇ ಬೇಡ. ಹುಳಿ ರುಚಿ ಬೇಕಿದ್ದರೆ ಒಲೆ ಆರಿಸಿದ ಮೇಲೆ ಚಿಟಿಕೆ ಸಿಟ್ರಿಕ್ ಆಸಿಡ್ ಹಾಕಿ. ಆಗ ಒಡೆಯಲು ಅದಕ್ಕೆ ಸಮಯವೇ ಇರುವುದಿಲ್ಲ, ರುಚಿ ಮಾತ್ರ ಬರುತ್ತದೆ.

ಇನ್ನು ಬೆಣ್ಣೆ, ಕ್ರೀಮ್. ಮೆತ್ತನೆಯ ಕ್ಯಾರಮೆಲ್ಲಿನ ಬಣ್ಣ, ಪರಿಮಳ ಬರುವುದು ಸುಟ್ಟ ಸಕ್ಕರೆಯಿಂದ ಅಂತ ತುಂಬ ಜನ ತಿಳಿದಿದ್ದಾರೆ. ಸಕ್ಕರೆ ಕಂದಾಗಲು 160 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಎಲ್ಲ ಒಟ್ಟಿಗೆ ಹಾಕಿ ಕುದಿಸುವ ಕ್ಯಾರಮೆಲ್ 120ರ ಆಸುಪಾಸಿನಲ್ಲೇ ಮುಗಿಯುತ್ತದೆ. ಹಾಗಿದ್ದರೆ ಆ ಬಣ್ಣ ಎಲ್ಲಿಂದ? ಹಾಲಿನ ಪ್ರೋಟೀನು ಮತ್ತು ಗ್ಲೂಕೋಸ್ ಸೇರಿ ಕಂದಾಗುವುದರಿಂದ. ಧಾರವಾಡ ಪೇಡೆಗೆ ಹಾಲು, ಸಕ್ಕರೆ ಹುರಿದು ಹುರಿದು ಬಣ್ಣ ಬರಿಸುತ್ತಾರಲ್ಲ, ಅಲ್ಲೂ ಹಾಲಿನ ಪ್ರೋಟೀನೇ ಕೆಲಸ ಮಾಡುವುದು. ಅಂದಮೇಲೆ ಹಾಲಿನ ಪದಾರ್ಥದಲ್ಲಿ ರಾಜಿ ಮಾಡಿಕೊಂಡರೆ ಕ್ಯಾರಮೆಲ್ಲೇ ಇಲ್ಲ. ಕೇಕಿನ ಮೇಲೆ ಬಳಿಯುವ ನಾನ್ ಡೈರಿ ವಿಪ್ಪಿಂಗ್ ಕ್ರೀಮ್ ಅಗ್ಗ ಅಂತ ದಯವಿಟ್ಟು ಅದನ್ನು ಹಾಕಬೇಡಿ. ಅದು ವನಸ್ಪತಿ ಕೊಬ್ಬು, ಸಕ್ಕರೆ ಮೊದಲೇ ಸೇರಿಸಿರುತ್ತಾರೆ, ಬಾಯಲ್ಲಿ ಮೇಣದ ಪದರ ಉಳಿಯುತ್ತದೆ. ಟೆಟ್ರಾ ಪ್ಯಾಕಿನ ಅಮುಲ್ ಫ್ರೆಶ್ ಕ್ರೀಮಿನಲ್ಲಿ ಕೊಬ್ಬು 25 ಶೇಕಡಾ. ಅಮೆರಿಕದ ಹೆವಿ ಕ್ರೀಮಿನಲ್ಲಿ ಕನಿಷ್ಠ 36 ಶೇಕಡಾ. ಆ ಕೊರತೆಯನ್ನು ಬೆಣ್ಣೆ ಸ್ವಲ್ಪ ಜಾಸ್ತಿ ಹಾಕಿ ತುಂಬಿಸಿಕೊಳ್ಳಬಹುದು. ಇಷ್ಟು ನೀರು ಆವಿಯಾಗಬೇಕಲ್ಲ, ಕುದಿಯುವ ಹೊತ್ತೂ ಸ್ವಲ್ಪ ಹೆಚ್ಚಾಗುತ್ತದೆ ಅಷ್ಟೆ.

ಬೆಣ್ಣೆ ಉಪ್ಪಿಲ್ಲದ್ದು ತನ್ನಿ, ನಂದಿನಿಯದ್ದು ಚೆನ್ನಾಗಿಯೇ ಇದೆ. ಮನೆಯಲ್ಲಿ ಹಾಲಿನ ಕೆನೆ ಕೂಡಿಟ್ಟಿದ್ದೀವಿ, ಅದನ್ನೇ ಹಾಕಿದರೆ ಅಂತ ಅತ್ತೆ ಒಮ್ಮೆ ಕೇಳಿದರು. ಅವತ್ತಿನ ಕೆನೆ ಆದರೆ ಹಾಕಬಹುದು. ವಾರ ಕೂಡಿಟ್ಟಿದ್ದು ಎಷ್ಟೇ ಫ್ರಿಜ್ಜಿನಲ್ಲಿಟ್ಟರೂ ಸ್ವಲ್ಪ ಹುಳಿಯಾಗಿರುತ್ತದೆ, ಬಿಸಿ ಪಾಕಕ್ಕೆ ಬಿದ್ದ ಕೂಡಲೇ ಒಡೆಯುತ್ತದೆ. ಅದನ್ನು ತುಪ್ಪಕ್ಕೆ ಬಿಡಿ. ಮೊದಲ ಸಲ ಮಾಡುವವರಿಗೆ ಕ್ರೀಮಿಗಿಂತ ಕಂಡೆನ್ಸ್ಡ್ ಮಿಲ್ಕ್ ಸುಲಭ. ಅದರಲ್ಲಿ ನೀರು ಮೊದಲೇ ಕಡಿಮೆ ಮಾಡಿರುತ್ತಾರೆ, ಪ್ರೋಟೀನೂ ಜಾಸ್ತಿ, ಬೇಗ ಕಂದಾಗುತ್ತದೆ. ತಳ ಹಿಡಿಯುವುದೂ ಬೇಗ, ಹಾಗಾಗಿ ಸೌಟು ಬಿಟ್ಟು ಫೋನ್ ಎತ್ತಿಕೊಳ್ಳುವ ಹಾಗಿಲ್ಲ.

ಅಳತೆ ಬೇಕು ಅನ್ನುವವರಿಗೆ, ಆರು ಸಣ್ಣ ಸೇಬಿಗೆ ನಾನು ಹಾಕುವುದು 200 ಗ್ರಾಂ ಸಕ್ಕರೆ, 120 ಗ್ರಾಂ ಲಿಕ್ವಿಡ್ ಗ್ಲೂಕೋಸ್, 200 ಮಿಲಿ ಫ್ರೆಶ್ ಕ್ರೀಮ್, 75 ಗ್ರಾಂ ಬೆಣ್ಣೆ, ಎರಡು ಚಿಟಿಕೆ ಉಪ್ಪು. ಗಟ್ಟಿ ಕ್ಯಾಂಡಿಗೆ ಬೆಣ್ಣೆ, ಕ್ರೀಮ್ ಏನೂ ಬೇಡ. 400 ಗ್ರಾಂ ಸಕ್ಕರೆ, 150 ಗ್ರಾಂ ಗ್ಲೂಕೋಸ್, 180 ಮಿಲಿ ನೀರು.

ಸಕ್ಕರೆ ಬದಲು ಬೆಲ್ಲ ಹಾಕಬಹುದಾ? ಹಾಕಬಹುದು, ಬೆಲ್ಲದ ಕ್ಯಾರಮೆಲ್ ನನಗೆ ಬಹಳ ಇಷ್ಟ. ಆದರೆ ಪೂರ್ತಿ ಬೆಲ್ಲ ಬೇಡ, ಸಕ್ಕರೆಯ ಮೂರನೇ ಒಂದು ಭಾಗ ಸಾಕು. ಕಂದು ಬಣ್ಣದ ಮಂಡ್ಯದ ಅಚ್ಚು ಬೆಲ್ಲ ನೋಡಿ ತನ್ನಿ. ಹಳದಿಯಾಗಿ ಬೆಳ್ಳಗೆ ಹೊಳೆಯುವುದು ಬೇಡ, ಆ ಬಣ್ಣಕ್ಕೆ ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕಿ ಬಿಳಿ ಮಾಡಿರುತ್ತಾರೆ. ಬೆಲ್ಲ ಹಾಲನ್ನು ಒಡೆಸುತ್ತದೆ ಅನ್ನುವುದು ಪಾಯಸ ಮಾಡುವ ಎಲ್ಲರಿಗೂ ಗೊತ್ತು. ಬೆಲ್ಲವನ್ನು ಮೊದಲೇ ಸ್ವಲ್ಪ ನೀರಿನಲ್ಲಿ ಕರಗಿಸಿ, ಕಲ್ಲು ಕಸ ಹೋಗುವಂತೆ ಸೋಸಿ, ಚಿಟಿಕೆ ಅಡುಗೆ ಸೋಡಾ ಹಾಕಿ ಆಮೇಲೆ ಕ್ರೀಮ್ ಸೇರಿಸಿ. ಸೋಡಾ ಹುಳಿಯನ್ನು ತೆಗೆಯುತ್ತದೆ, ಬಣ್ಣವನ್ನೂ ಗಾಢ ಮಾಡುತ್ತದೆ.

ಈಗ ಸೇಬು. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಕ್ಯಾರಮೆಲ್ ಚೆನ್ನಾಗಿ ಬಂದೂ ಸೇಬಿನಿಂದ ಜಾರಿ ಬೀಳುವುದು ಎಲ್ಲರ ಮನೆಯ ದೂರು. ಗಾಂಧಿ ಬಜಾರಿನಲ್ಲೋ ಮಲ್ಲೇಶ್ವರ ಎಂಟನೇ ಕ್ರಾಸಿನಲ್ಲೋ ಹಣ್ಣಿನ ಗಾಡಿ ಮುಂದೆ ನಿಂತರೆ ಎಲ್ಲಕ್ಕಿಂತ ಮುಂದೆ ಜೋಡಿಸಿಟ್ಟಿರುವುದು ದೊಡ್ಡದಾದ, ಕಡುಗೆಂಪು, ಮುಖ ಕಾಣುವಷ್ಟು ಹೊಳೆಯುವ ಸೇಬು. "ವಾಷಿಂಗ್ಟನ್ ಅಕ್ಕಾ, ಫಸ್ಟ್ ಕ್ವಾಲಿಟಿ" ಅಂತಾರೆ. ನಮಗೆ ಅದು ಬೇಡ. ಅದರ ಪಕ್ಕದ ಬುಟ್ಟಿಯಲ್ಲಿ ಸಣ್ಣದಾಗಿ, ಮೇಲೆ ಗೆರೆಗೆರೆ ಇದ್ದು, ಅಷ್ಟೇನೂ ಹೊಳೆಯದ ಶಿಮ್ಲಾ ಸೇಬು ಇರುತ್ತದೆ ನೋಡಿ, ಅದನ್ನು ಕೇಳಿ. ಕೆಜಿಗೆ ಏಳೆಂಟು ತೂಗುವಷ್ಟು ಸಣ್ಣದು. ಸೇಬು ಸಣ್ಣದಾದಷ್ಟೂ ಪ್ರತಿ ತುತ್ತಿಗೂ ಕ್ಯಾರಮೆಲ್ ಸಿಗುತ್ತದೆ, ಕಡ್ಡಿಗೂ ಭಾರ ಆಗುವುದಿಲ್ಲ. ಕೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಒತ್ತಿ, ಒತ್ತು ಬೀಳಬಾರದು. ತೊಟ್ಟಿನ ಪಕ್ಕ ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಉಗುರಿನ ತುದಿಯಲ್ಲಿ ಬಿಳಿ ಪುಡಿ ಕೂತರೆ ಮೇಣ ಬಳಿದಿದ್ದಾರೆ ಅಂತ ಲೆಕ್ಕ.

ಆ ಮೇಣ ವಿಷ ಅಂತ ಗಾಬರಿ ಬೇಡ. ಜೇನುಮೇಣ, ಕಾರ್ನೌಬಾ ಅನ್ನುವ ಗಿಡದ ಮೇಣ, ಅರಗಿನಿಂದ ತೆಗೆದ ಶೆಲ್ಯಾಕ್ ಇವನ್ನು ಹಣ್ಣಿನ ಮೇಲೆ ಬಳಿಯಲು, ಲೇಬಲ್ ಮೇಲೆ ಹೇಳಬೇಕು ಅನ್ನುವ ಷರತ್ತಿನ ಮೇಲೆ, ನಮ್ಮ ಆಹಾರ ಸುರಕ್ಷತಾ ನಿಯಮವೇ ಅನುಮತಿ ಕೊಡುತ್ತದೆ. ನಮ್ಮ ತೊಂದರೆ ಬೇರೆ, ಮೇಣದ ಮೇಲೆ ಕ್ಯಾರಮೆಲ್ ಹಿಡಿಯುವುದಿಲ್ಲ. ಕುದಿಯುವ ನೀರಿನಲ್ಲಿ ಹತ್ತು ಹದಿನೈದು ಸೆಕೆಂಡು ಅದ್ದಿ ತೆಗೆದು, ಬಿಸಿ ಇರುವಾಗಲೇ ಒರಟು ಬಟ್ಟೆಯಲ್ಲಿ ತಿಕ್ಕಿ ಒರೆಸಿ. ಹೊಳಪು ಹೋಗಿ ಸಿಪ್ಪೆ ಮಾಸಲಾಗಿ ಕಾಣಬೇಕು. ಆಮೇಲೆ ಫ್ಯಾನಿನ ಕೆಳಗೆ ಬಟ್ಟೆ ಮೇಲೆ ಹರಡಿ ರಾತ್ರಿಯಿಡೀ ಬಿಡಿ. ಫ್ರಿಜ್ಜಿನಿಂದ ತೆಗೆದ ಸೇಬನ್ನು ಹಾಗೇ ಅದ್ದಬೇಡಿ. ತಣ್ಣಗಿನ ಸಿಪ್ಪೆಯ ಮೇಲೆ ಕಣ್ಣಿಗೆ ಕಾಣದಷ್ಟು ನೀರು ಕೂತಿರುತ್ತದೆ, ಕ್ಯಾರಮೆಲ್ ಮತ್ತು ಸೇಬಿನ ಮಧ್ಯೆ ಆ ನೀರು ಸಿಕ್ಕಿಕೊಂಡರೆ ಕೋಟು ಕಳಚಿದ ಹಾಗೆ ಪೂರ್ತಿ ಜಾರಿಬಿಡುತ್ತದೆ.

ಹುಳಿ ಬೇಕೆನ್ನುವವರು ಹಸಿರು ಗ್ರಾನಿ ಸ್ಮಿತ್ ತರಬಹುದು. ದುಬಾರಿ, ಬಹುತೇಕ ಹೊರದೇಶದ್ದು, ಮೇಣವೂ ಇರುತ್ತದೆ. ಆದರೂ ಕ್ಯಾರಮೆಲ್ಲಿನ ಸಿಹಿಗೆ ಆ ಹುಳಿ, ಆ ಗಟ್ಟಿತನ ಹೇಳಿ ಮಾಡಿಸಿದ ಜೋಡಿ. ಸೀಸನ್ನಿನ ಶುರುವಿನಲ್ಲಿ ಬರುವ ಸ್ವಲ್ಪ ಎಳೆಯ ಶಿಮ್ಲಾ ಹಣ್ಣಿನಲ್ಲೂ ಹುಳಿ ಇರುತ್ತದೆ, ನಾನು ಹೆಚ್ಚಾಗಿ ಅದರಲ್ಲೇ ಮಾಡುತ್ತೇನೆ. ಹಿಟ್ಟು ಹಿಟ್ಟಾದ ಸೇಬು ಮಾತ್ರ ಯಾವ ಕಾರಣಕ್ಕೂ ಬೇಡ. ಒಂದು ಕತ್ತರಿಸಿ ತಿಂದು ನೋಡಿಯೇ ಉಳಿದದ್ದು ತೂಗಿಸಿ, ಯಾವ ಗಾಡಿಯವರೂ ಬೇಡ ಅನ್ನುವುದಿಲ್ಲ.

ಕಡ್ಡಿ ಚಿಕ್ಕ ವಿಷಯ ಅನ್ನಿಸುತ್ತದೆ, ಅಲ್ಲ. ಕಬಾಬಿಗೆ ಚುಚ್ಚುವ ಸಣ್ಣ ಬಿದಿರು ಕಡ್ಡಿಯಲ್ಲಿ ಸೇಬು ಗಿರಗಿರ ತಿರುಗುತ್ತದೆ, ತುದಿ ಮಕ್ಕಳ ಬಾಯಿಗೆ ಚುಚ್ಚುತ್ತದೆ. ಐಸ್‌ಕ್ರೀಮಿನ ಚಪ್ಪಟೆ ಮರದ ಕಡ್ಡಿ ಅಥವಾ ದಪ್ಪನೆಯ ಚಾಪ್‌ಸ್ಟಿಕ್ ತನ್ನಿ, ತಿನ್ನುವ ಪದಾರ್ಥಕ್ಕೆ ಅಂತ ಮಾರುವುದನ್ನೇ. ಸ್ಟೇಷನರಿ ಅಂಗಡಿಯ ಬಣ್ಣದ ಕ್ರಾಫ್ಟ್ ಕಡ್ಡಿ ಬೇಡ, ಹಣ್ಣಿನ ರಸಕ್ಕೆ ಬಣ್ಣ ಬಿಡುತ್ತದೆ. ಲಾಲಿಪಾಪಿಗೆ ಬಿಳಿ ಕಾಗದದ ಕಡ್ಡಿ ಸಿಗುತ್ತದೆ. ಕ್ಯಾಂಡಿಯ ಪ್ಲಾಸ್ಟಿಕ್ ಕಡ್ಡಿ 2022ರ ಜುಲೈ 1ರಿಂದ ದೇಶಾದ್ಯಂತ ನಿಷೇಧ ಆಗಿದೆ, ಹಳೇ ಸ್ಟಾಕ್ ಅಂತ ಯಾರಾದರೂ ಕೊಟ್ಟರೂ ತರಬೇಡಿ.

ಕಡ್ಡಿಯ ವಿಷಯದಲ್ಲಿ ಇನ್ನೊಂದು ಮುಖ್ಯವಾದ ಮಾತಿದೆ. 2014ರ ಕೊನೆಯಲ್ಲಿ ಅಮೆರಿಕದಲ್ಲಿ ಕ್ಯಾರಮೆಲ್ ಸೇಬು ತಿಂದು 12 ರಾಜ್ಯಗಳ 35 ಜನ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾದಿಂದ ಕಾಯಿಲೆ ಬಿದ್ದರು, ಸಾವೂ ಆಯಿತು. ಸೇಬು ಹುಳಿ, ಕ್ಯಾರಮೆಲ್ಲಿನಲ್ಲಿ ನೀರೇ ಕಡಿಮೆ, ಎರಡರಲ್ಲೂ ಅದು ಬೆಳೆಯುವುದು ಕಷ್ಟ. ಆದರೆ ಕಡ್ಡಿ ಚುಚ್ಚಿದ ತೂತಿನಿಂದ ರಸ ಒಸರಿ ಸಿಪ್ಪೆಗೂ ಕ್ಯಾರಮೆಲ್ಲಿಗೂ ಮಧ್ಯೆ ಸೇರುತ್ತದೆ, ಅಲ್ಲಿ ಅದಕ್ಕೆ ಬೇಕಾದ ಜಾಗ ಸಿಗುತ್ತದೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಯೋಗ ಮಾಡಿದಾಗ, ಕಡ್ಡಿ ಚುಚ್ಚಿ ಹೊರಗಿಟ್ಟ ಸೇಬಿನಲ್ಲಿ ಅದು ಬೇಗ ಬೆಳೆಯಿತು, ಕಡ್ಡಿ ಇಲ್ಲದ್ದರಲ್ಲಿ, ಫ್ರಿಜ್ಜಿನಲ್ಲಿಟ್ಟಿದ್ದರಲ್ಲಿ ನಿಧಾನವಾಯಿತು. ಹಾಗಾಗಿ ಸೇಬು ಚೆನ್ನಾಗಿ ತೊಳೆಯಿರಿ, ಅದ್ದುವ ಹೊತ್ತಿಗೇ ಕಡ್ಡಿ ಚುಚ್ಚಿ, ಅವತ್ತೇ ತಿನ್ನದಿದ್ದರೆ ಫ್ರಿಜ್ಜಿನಲ್ಲಿಡಿ, ಎರಡು ಮೂರು ದಿನದಲ್ಲಿ ಮುಗಿಸಿ. ಮನೆಯಲ್ಲಿ ಗರ್ಭಿಣಿಯರು, ವಯಸ್ಸಾದವರು ಇದ್ದರೆ ಅವರಿಗೆ ಆಗಷ್ಟೇ ಮಾಡಿದ್ದನ್ನೇ ಕೊಡಿ.

ಉಪಕರಣಗಳಲ್ಲಿ ಒಂದೇ ಒಂದಕ್ಕೆ ದುಡ್ಡು ಹಾಕಬೇಕು ಅಂದರೆ ಥರ್ಮಾಮೀಟರಿಗೆ ಹಾಕಿ. ದೂರದಿಂದ ಕೆಂಪು ಚುಕ್ಕಿ ಬಿಟ್ಟು ಅಳೆಯುವ ಇನ್‌ಫ್ರಾರೆಡ್ ಗನ್ ಬೇಡ, ಅದು ಮೇಲ್ಮೈ ಮಾತ್ರ ನೋಡುತ್ತದೆ. ಪಾಕದೊಳಗೆ ಇಳಿಬಿಡುವ ಉದ್ದ ಕಡ್ಡಿಯ ಡಿಜಿಟಲ್ ಥರ್ಮಾಮೀಟರು, ಕನಿಷ್ಠ 200 ಡಿಗ್ರಿ ತನಕ ತೋರಿಸುವಂಥದ್ದು ಸಾಕು. ತಂದ ದಿನವೇ ಕುದಿಯುವ ನೀರಿನಲ್ಲಿ ಅದ್ದಿ ನೋಡಿ. 100 ತೋರಿಸದಿದ್ದರೆ ಹಾಳಾಗಿದೆ ಅಂತ ವಾಪಸ್ ಕೊಡಬೇಡಿ! ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದೇ 97 ಡಿಗ್ರಿ ಹತ್ತಿರ.

ಈ ಮೂರು ಡಿಗ್ರಿ ಬಹಳ ದೊಡ್ಡದು. ರೆಸಿಪಿಯಲ್ಲಿ ಕ್ಯಾರಮೆಲ್ 118 ಡಿಗ್ರಿಗೆ ಇಳಿಸಿ ಅಂತ ಬರೆದಿದ್ದರೆ ಅದು ಸಮುದ್ರ ಮಟ್ಟದ ಲೆಕ್ಕ. ಮಂಗಳೂರಿನವರು 118ಕ್ಕೇ ಇಳಿಸಲಿ, ನಾವು 115ಕ್ಕೆ ಇಳಿಸಬೇಕು. ಇಲ್ಲದಿದ್ದರೆ ನೀರು ಬೇಕಾದ್ದಕ್ಕಿಂತ ಜಾಸ್ತಿ ಹೋಗಿ, ಮೆತ್ತಗಿರಬೇಕಾದ ಕ್ಯಾರಮೆಲ್ ಹಲ್ಲಿಗೆ ಅಂಟುವಷ್ಟು ಗಟ್ಟಿಯಾಗುತ್ತದೆ. ಗಟ್ಟಿ ಕ್ಯಾಂಡಿಗೆ 149 ಅಂದಿದ್ದರೆ ನಮಗೆ 146. ಆದರೆ ಸಕ್ಕರೆ ಕಂದಾಗುವ ಬಿಸಿ ಮಾತ್ರ ಊರಿನ ಎತ್ತರಕ್ಕೆ ಬದಲಾಗುವುದಿಲ್ಲ, ಅದು ನೀರಿನ ಲೆಕ್ಕ ಅಲ್ಲ, ಅಲ್ಲಿ ಕಣ್ಣನ್ನೇ ನಂಬಬೇಕು. ಥರ್ಮಾಮೀಟರ್ ಇದ್ದರೂ ಪಕ್ಕದಲ್ಲಿ ಒಂದು ಬಟ್ಟಲು ತಣ್ಣೀರು ಇರಲಿ. ಒಂದು ತೊಟ್ಟು ಬಿಟ್ಟು ಬೆರಳಲ್ಲಿ ಹೊರಳಿಸಿ. ಮೆತ್ತಗೆ ಉಂಡೆ ಕಟ್ಟಿ, ಎತ್ತಿದರೆ ಆಕಾರ ಬಿಡದೆ ನಿಂತರೆ ಸೇಬಿಗೆ ಸರಿಯಾದ ಹದ. ಮುರಿದರೆ ಪಟ್ ಅಂತ ಸದ್ದಾಗಿ ತುಂಡಾದರೆ ಲಾಲಿಪಾಪಿನ ಹದ. ಚಿಕ್ಕಿ ಮಾಡುವ ಮನೆಗಳಲ್ಲಿ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬಿಸಿ ಪಾಕ ಕೈಗೆ ಬಿದ್ದರೂ ಅದೇ ತಣ್ಣೀರಿಗೆ ಮೊದಲು ಕೈ ಹಾಕಬೇಕು. ಅದು ಚರ್ಮಕ್ಕೆ ಅಂಟಿಕೊಂಡೇ ಸುಡುತ್ತದೆ, ಚಿಕ್ಕ ಮಕ್ಕಳನ್ನು ಒಲೆ ಹತ್ತಿರ ಬಿಡಬೇಡಿ.

ಪಾತ್ರೆ ದಪ್ಪ ತಳದ ಸ್ಟೀಲಿನದ್ದು ಇರಲಿ, ಒಳಗೆ ಬೆಳ್ಳಗೆ ಹೊಳೆಯಬೇಕು. ಕಪ್ಪು ನಾನ್‌ಸ್ಟಿಕ್ಕಿನಲ್ಲಿ ಬಣ್ಣ ತಿರುಗುವುದೇ ಗೊತ್ತಾಗುವುದಿಲ್ಲ. ಕಲಾಯಿ ಹಾಕಿದ ಹಿತ್ತಾಳೆ ಪಾತ್ರೆ ಬೇಡ, ಕಲಾಯಿ ಅಂದರೆ ತವರದ ಲೇಪ, ತವರ 232 ಡಿಗ್ರಿಗೆ ಕರಗುತ್ತದೆ, ಒಣ ಸಕ್ಕರೆ ಕರಗಿಸುವಾಗ ತಳ ಎಷ್ಟು ಕಾಯುತ್ತದೆ ಅಂತ ಹೇಳಲಾಗದು. ಕ್ರೀಮ್ ಹಾಕಿದಾಗ ಪಾಕ ಉಕ್ಕಿ ಮೇಲಕ್ಕೆ ಬರುತ್ತದೆ, ಹಾಕಿದ ಸಾಮಾನಿಗಿಂತ ನಾಲ್ಕು ಪಟ್ಟು ದೊಡ್ಡ ಪಾತ್ರೆ ಇಡಿ.

ಇಳಿಸಿದ ಕೂಡಲೇ ಸೇಬು ಅದ್ದಬೇಡಿ. ತುಂಬ ಬಿಸಿ ಇದ್ದರೆ ತೆಳ್ಳಗೆ ಹರಿದು ಬುಡದಲ್ಲಿ ದೊಡ್ಡ ಪಾದ ಕಟ್ಟುತ್ತದೆ. 85 ಡಿಗ್ರಿ ಹತ್ತಿರ ಬರಲಿ. ಅದ್ದಿದ ಸೇಬನ್ನು ಇಡಲು ನಮ್ಮಲ್ಲಿ ಸಿಗುವ ಬಟರ್ ಪೇಪರ್ ಎಲ್ಲ ಒಂದೇ ಅಲ್ಲ. ಸಿಲಿಕೋನ್ ಲೇಪ ಇಲ್ಲದ್ದಾದರೆ ಕ್ಯಾರಮೆಲ್ಲಿಗೆ ಅಂಟಿಕೊಂಡು ಹರಿದು ಬರುತ್ತದೆ. ಪ್ಯಾಕೆಟ್ ಮೇಲೆ ಬೇಕಿಂಗ್ ಪಾರ್ಚ್‌ಮೆಂಟ್ ಅಂತ, ಎಷ್ಟು ಡಿಗ್ರಿ ತಡೆಯುತ್ತದೆ ಅಂತ ಬರೆದಿರುವುದನ್ನೇ ತನ್ನಿ. ಅದೂ ಇಲ್ಲದಿದ್ದರೆ ಸ್ಟೀಲ್ ತಟ್ಟೆಗೆ ತುಪ್ಪ ಸವರಿ ಇಡಿ, ಯಾವ ಕಾಗದಕ್ಕೂ ಕಡಿಮೆಯಿಲ್ಲ. ಅಚ್ಚುಗಳಲ್ಲಿ ಸಿಲಿಕೋನ್ ಮಾತ್ರ. ಚಾಕೊಲೇಟಿಗೆ ಅಂತ ಮಾರುವ ತೆಳು ಪ್ಲಾಸ್ಟಿಕ್ ಅಚ್ಚಿಗೆ 146 ಡಿಗ್ರಿ ಪಾಕ ಸುರಿದರೆ ಅಚ್ಚೇ ಸೊಟ್ಟಗಾಗುತ್ತದೆ.

ಬಣ್ಣದ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿ, ಕಾಟನ್ ಕ್ಯಾಂಡಿಗಳಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷೆಗೆ ಒಯ್ದ ಕಾಟನ್ ಕ್ಯಾಂಡಿ ಮಾದರಿಗಳಲ್ಲಿ ಬಟ್ಟೆಗೆ ಹಾಕುವ ರೋಡಮೈನ್-ಬಿ ಸಿಕ್ಕಿತ್ತು. ಮಕ್ಕಳು ತಿನ್ನುವ ಪದಾರ್ಥ ಅದು! ಮನೆಯಲ್ಲಿ ಮಾಡುವವರೂ ಪೊಟ್ಟಣ ಕಟ್ಟಿ ಕೊಡುವ ಬಿಡಿ ಬಣ್ಣ ತರಲೇಬಾರದು. ಮುಚ್ಚಿದ ಬಾಟಲಿ, ಅದರ ಮೇಲೆ ಎಫ್‌ಎಸ್‌ಎಸ್‌ಎಐನ 14 ಅಂಕೆಯ ಲೈಸೆನ್ಸ್ ನಂಬರ್, ಬಣ್ಣದ ಹೆಸರು ಇವಿಷ್ಟೂ ಇರಬೇಕು. ಜೆಲ್ ಬಣ್ಣ ಒಳ್ಳೆಯದು, ಕಡ್ಡಿ ತುದಿಯಷ್ಟು ಸಾಕು. ಚಾಕೊಲೇಟಿಗೆ ಹಾಕುವ ಎಣ್ಣೆ ಬಣ್ಣ ಸಕ್ಕರೆ ಪಾಕದಲ್ಲಿ ಬೆರೆಯುವುದಿಲ್ಲ. ಬೀಟ್‌ರೂಟ್ ರಸ ಹಾಕೋಣ ಅನ್ನಿಸುತ್ತದೆ, ಆದರೆ ಆ ಬಿಸಿಗೆ ಅದು ಕಂದಾಗಿಬಿಡುತ್ತದೆ. ನಿಜ ಹೇಳಬೇಕೆಂದರೆ ಬಣ್ಣವೇ ಇಲ್ಲದ, ತಿಳಿ ಹೊಂಬಣ್ಣದ ಪಾಕದೊಳಗೆ ಸೇಬಿನ ಕೆಂಪು ಕಾಣುವುದೇ ನನಗೆ ಹೆಚ್ಚು ಚಂದ.

ಪರಿಮಳಕ್ಕೆ ಬಾಟಲಿ ಎಸೆನ್ಸ್ ಅಷ್ಟೊಂದು ಬಿಸಿಗೆ ಹಾರಿಹೋಗುತ್ತದೆ. ಒಲೆ ಆರಿಸಿ, ಗುಳ್ಳೆ ನಿಂತ ಮೇಲೆ ಹಾಕಿ, ಮುಖ ಹಿಂದಿಟ್ಟುಕೊಂಡು. ಕ್ಯಾಂಡಿಗೆ ಅಂತಲೇ ಬರುವ ಎಣ್ಣೆ ರೂಪದ ಫ್ಲೇವರ್ ಸಿಕ್ಕರೆ ಇನ್ನೂ ಉತ್ತಮ, ತೊಟ್ಟಿನ ಲೆಕ್ಕದಲ್ಲಿ ಸಾಕಾಗುತ್ತದೆ. ಆಗ ತಾನೇ ಕುಟ್ಟಿದ ಏಲಕ್ಕಿ, ಒಣಶುಂಠಿ ಪುಡಿ ಹಾಕಿದ ಪೆಪ್ಪರ್‌ಮೆಂಟಿಗೆ ಅವು ಯಾವುದೂ ಬೇಡ.

ಸುತ್ತಲು ತೆಳುವಾದ ಜಿಲೇಟಿನ್ ಪೇಪರು, ಕವರು ಎಲ್ಲ ಮಾಮೂಲ್‌ಪೇಟೆಯಲ್ಲಿ ಸಿಗುತ್ತದೆ. ಲಾಲಿಪಾಪು ಆರಿದ ಕೂಡಲೇ, ಅಂದರೆ ಅರ್ಧ ಗಂಟೆಯೊಳಗೆ, ಸುತ್ತಿ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ರಾತ್ರಿ ತೆರೆದಿಟ್ಟು ಬೆಳಿಗ್ಗೆ ಸುತ್ತುವುದಾದರೆ ಸುತ್ತದೇ ಇದ್ದರೂ ಒಂದೇ. ಗಟ್ಟಿ ಕ್ಯಾಂಡಿಯನ್ನು ಫ್ರಿಜ್ಜಿಗೆ ಇಡಬೇಡಿ, ಹೊರಗೆ ತೆಗೆದ ತಕ್ಷಣ ನೀರು ಕೂರುತ್ತದೆ. ಪಾತ್ರೆಗೆ ಅಂಟಿದ ಪಾಕವನ್ನು ಉಜ್ಜುತ್ತಾ ಕೂರಬೇಡಿ, ನೀರು ತುಂಬಿ ಅದೇ ಒಲೆಯ ಮೇಲೆ ಕುದಿಸಿ, ತಾನಾಗೇ ಬಿಡುತ್ತದೆ.

ಸೇಬಿನ ಮೇಲೆ ಉದುರಿಸಲು ಬಣ್ಣದ ಸ್ಪ್ರಿಂಕಲ್ಸ್ ಬೇಕಾಗಿಲ್ಲ, ಅದರ ಬದಲು ಕಡಲೆಕಾಯಿ ಬೀಜ ಹುರಿದು, ಸಿಪ್ಪೆ ಕೇರಿ, ಒರಟಾಗಿ ಕುಟ್ಟಿಟ್ಟುಕೊಳ್ಳಿ. ಬಸವನಗುಡಿಯ ಕಡಲೆಕಾಯಿ ಪರಿಷೆ ಕಾರ್ತಿಕದ ಕೊನೇ ಸೋಮವಾರ. ಅಷ್ಟು ಹೊತ್ತಿಗೆ ಮಳೆ ಕಡಿಮೆಯಾಗಿರುತ್ತದೆ, ಕಾಶ್ಮೀರದ ಸೇಬು ಇನ್ನೂ ಚೆನ್ನಾಗಿರುತ್ತದೆ, ಹೊಸ ಬೆಳೆಯ ಕಡಲೆಕಾಯಿ ರಸ್ತೆ ತುಂಬ ರಾಶಿ ಬಿದ್ದಿರುತ್ತದೆ. ಹಸಿ ಕಾಯಿ ಬೇಡ, ಒಣಗಿದ್ದನ್ನು ಆರಿಸಿ ತನ್ನಿ. ಹುರಿದ ಮೇಲೆ ಪೂರ್ತಿ ಆರಬೇಕು, ಬಿಸಿ ಬೀಜ ಕ್ಯಾರಮೆಲ್ಲನ್ನು ಮತ್ತೆ ಕರಗಿಸುತ್ತದೆ. ಸೇಬು ಅದ್ದಿ, ಮೇಲಿಂದ ಹರಿಯುವುದು ನಿಂತ ಮೇಲೆ, ಕೆಳಗಿನ ಅರ್ಧ ಭಾಗವನ್ನು ಮಾತ್ರ ಆ ಪುಡಿಯಲ್ಲಿ ಹೊರಳಿಸಿ ತಟ್ಟೆಗೆ ಇಡಿ.